ರವದಿಗೆ ಬೆಂಕಿ ಬೇಡ, ಯೂರಿಯಾ ಬೇಕು

ಕೃಷ್ಣೆಯ ದಂಡೆಯಲ್ಲಿ ಕಬ್ಬಿನ ಕಟಾವು ಮುಗಿದರೆ ಬೆಂಕಿಯ ಕಾಲ. ಕಡಿಯುವ ಗ್ಯಾಂಗು ಮುಂದಿನ ಹೊಲಕ್ಕೆ ಹೋಗಿರುತ್ತದೆ. ಸಂಜೆ ಗಾಳಿ ಇಳಿದ ಮೇಲೆ ಬದುವಿನ ಮೂಲೆಯಲ್ಲಿ ಯಾರೋ ಕಡ್ಡಿ ಗೀರುತ್ತಾರೆ, ನೆಲ ಮುಚ್ಚಿದ್ದ ರವದಿ, ಅಂದರೆ ಕಬ್ಬಿನ ಒಣ ಎಲೆ, ನೋಡನೋಡುತ್ತ ಕರಿ ಬೂದಿಯಾಗುತ್ತದೆ. ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿಯ ಮಣ್ಣಿನ ಬಗ್ಗೆ ಮಾತಾಡಲು ಇಂದು ಈ ಸಂಕಿರಣದಲ್ಲಿ ಸೇರಿರುವ ವಿಜ್ಞಾನಿಗಳೂ ರೈತರೂ ಆ ಬೂದಿಯಿಂದಲೇ ಚರ್ಚೆ ಶುರು ಮಾಡುವುದು ಒಳ್ಳೆಯದು.

ಸಾವಯವವೋ ರಾಸಾಯನಿಕವೋ ಎಂಬ ಜಗಳ ಈ ಭಾಗಕ್ಕೆ ಹೊಂದುವುದಿಲ್ಲ. ನೀರಾವರಿ ಕಬ್ಬಿಗೆ ಶಿಫಾರಸಾದ ಸಾರಜನಕ ಹೆಕ್ಟೇರಿಗೆ 250 ಕಿಲೋ, ಅಂದರೆ ಎಕರೆಗೆ 100. ಒಂದು ಟನ್ ತಿಪ್ಪೆ ಗೊಬ್ಬರದಲ್ಲಿರುವುದು ಸುಮಾರು 5 ಕಿಲೋ. ಅದನ್ನೇ ನಂಬಿದರೆ ಎಕರೆಗೆ 20 ಟನ್ ಬೇಕು. ಮೊದಲ ವರ್ಷ ಬೆಳೆಗೆ ದಕ್ಕುವುದು ಅದರಲ್ಲೂ ಒಂದು ಪಾಲು ಮಾತ್ರ. ಎತ್ತು ಹೋಗಿ ಟ್ರ್ಯಾಕ್ಟರ್ ಬಂದ ಮನೆಯಲ್ಲಿ ಅಷ್ಟು ಸಗಣಿ ಎಲ್ಲಿಂದ ಬರಬೇಕು?

45 ಕಿಲೋ ಯೂರಿಯಾ ಚೀಲದಲ್ಲಿ ಹತ್ತಿರ ಹತ್ತಿರ 21 ಕಿಲೋ ಸಾರಜನಕವಿದೆ, ನಿಜ. ಆದರೆ ಸುಣ್ಣದಂಶವಿರುವ ಎರೆ ಮಣ್ಣಿನ ಮೇಲೆ ಚೆಲ್ಲಿದ ಯೂರಿಯಾದ ಒಂದಷ್ಟು ಅಮೋನಿಯಾ ಆಗಿ ಹಾರಿಹೋಗುತ್ತದೆ, ರಂಜಕ ಸುಣ್ಣಕ್ಕೆ ಕಚ್ಚಿಕೊಳ್ಳುತ್ತದೆ, ಕಬ್ಬಿಣ ಬೇರಿಗೆ ಸಿಗದಂತಾಗುತ್ತದೆ. ಕುಳೆ ಕಬ್ಬಿನ ಎಳೆ ಎಲೆಯನ್ನು ಬಿಸಿಲಿಗೆ ಹಿಡಿದು ನೋಡಬೇಕು: ನರ ಹಸಿರು, ನಡುವೆಲ್ಲ ಬಿಳಿಚು, ಮುಂದೆ ಸುಳಿಯೇ ಬೆಳ್ಳಗೆ. ಆಗ ಇನ್ನೊಂದು ಚೀಲ ಯೂರಿಯಾ ಸುರಿದರೆ ಹಸಿರು ಮರಳುವುದಿಲ್ಲ. ಕಬ್ಬಿಣದ ಸಲ್ಫೇಟನ್ನು ಕಳಿತ ತಿಪ್ಪೆ ಗೊಬ್ಬರದಲ್ಲಿ ಬೆರೆಸಿಟ್ಟು ಕೊಟ್ಟರೆ ಗೊಬ್ಬರದ ಸಾವಯವ ಆಮ್ಲಗಳು ಕಬ್ಬಿಣವನ್ನು ಹಿಡಿದು ಬೇರಿಗೆ ದಾಟಿಸುತ್ತವೆ.

ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 1970ರಲ್ಲಿ ಆರಂಭಿಸಿದ ದೀರ್ಘಾವಧಿ ಗೊಬ್ಬರ ಪ್ರಯೋಗಗಳೂ ಎರಡೂ ಕೂಡಿಯೇ ಬೇಕೆಂಬುದನ್ನು ತೋರಿಸಿವೆ. ಭತ್ತದ ಗದ್ದೆಯಿರಲಿ, ಬೆಂಗಳೂರಿನ ರಾಗಿ ಹೊಲವಿರಲಿ, ಬರೀ ಸಾರಜನಕ ಕಂಡ ತಾಕುಗಳು ಸೊರಗಿವೆ. ಸಮತೋಲ ರಸಗೊಬ್ಬರದ ಜೊತೆ ಕೊಟ್ಟಿಗೆ ಗೊಬ್ಬರವೂ ಬಿದ್ದ ತಾಕುಗಳು ಇಳುವರಿ ಹಿಡಿದುಕೊಂಡಿವೆ.

ಹಾಗಾದರೆ ಇಲ್ಲಿ ಸಾವಯವ ಎಲ್ಲಿದೆ? ಸುಡುತ್ತಿರುವ ಹೊಲದಲ್ಲಿದೆ. ಒಳ್ಳೆಯ ಕಬ್ಬು ಎಕರೆಗೆ 3ರಿಂದ 4 ಟನ್ ರವದಿ ಬಿಟ್ಟು ಹೋಗುತ್ತದೆ. ಅದು ಸುಮ್ಮನೆ ಬಿದ್ದರೆ ಬೇಗ ಕೊಳೆಯುವುದಿಲ್ಲ. ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಕೊಳೆಸುವ ಸೂಕ್ಷ್ಮಜೀವಿಗಳು ಸಾಲದ್ದನ್ನು ಮಣ್ಣಿನಿಂದಲೇ ಕಿತ್ತುಕೊಳ್ಳುತ್ತವೆ, ಕುಳೆ ಹಳದಿ ತಿರುಗುತ್ತದೆ. ರೈತ ಕಡ್ಡಿ ಗೀರುವುದಕ್ಕೆ ಇದೂ ಒಂದು ಕಾರಣ, ಅವನನ್ನು ಬೈದು ಉಪಯೋಗವಿಲ್ಲ. ರವದಿಯನ್ನು ಸಾಲಿನ ನಡುವೆ ಹರಡಿ, ಟನ್ನಿಗೆ 8 ಕಿಲೋ ಯೂರಿಯಾ, 10 ಕಿಲೋ ಸೂಪರ್ ಫಾಸ್ಫೇಟ್, 1 ಕಿಲೋ ಕೊಳೆಸುವ ಜೀವಾಣು ಹಾಕಿ ನೀರು ಹಾಯಿಸಿದರೆ ಆ ಜೀವಿಗಳ ಹಸಿವು ಹೊರಗಿನಿಂದಲೇ ತೀರುತ್ತದೆ. ಅಂಗಡಿಯ ಗೊಬ್ಬರ ಹೊಲದ ಗೊಬ್ಬರವನ್ನು ಹುಟ್ಟಿಸುವುದು ಹೀಗೆ.

ಸವಳು-ಜವಳು ಹಿಡಿದ ಭೂಮಿಯ ಮಾತೇ ಬೇರೆ. ಅಲ್ಲಿ ನೀರು ಬಸಿಯದೆ ಯಾವ ಗೊಬ್ಬರವೂ ಕೆಲಸ ಮಾಡದು, ಮೊದಲು ಬಸಿಗಾಲುವೆ.

ಈ ಸಂಕಿರಣದಿಂದ ಬೇಕಾಗಿರುವುದು ಇಷ್ಟು: ಐದೂ ತಾಲ್ಲೂಕಿನಲ್ಲಿ ರೈತರದೇ ಹೊಲದಲ್ಲಿ ಒಂದೊಂದು ಎಕರೆ. ಅರ್ಧದಲ್ಲಿ ರವದಿ ಸುಡಲಿ, ಅರ್ಧದಲ್ಲಿ ಕೊಳೆಯಲಿ. ಪ್ರತಿ ಕುಳೆಗೂ ವಿಜ್ಞಾನಿಗಳು ಕಬ್ಬಿನ ತೂಕದ ಜೊತೆ ಮಣ್ಣಿನ ಸಾವಯವ ಇಂಗಾಲವನ್ನೂ ಅಳೆದು, ಶೇ. 0.5ರ ಕೆಳಗಿದೆಯೋ ಮೇಲಿದೆಯೋ ಎಂಬುದನ್ನು ಆ ಹೊಲದ ಬದುವಿನಲ್ಲೇ ನಿಂತು ಊರಿನವರಿಗೆ ಓದಿ ಹೇಳಲಿ.