ರಾಗಿ ಕೊಳ್ಳುತ್ತಾರಂತೆ!

ಸುಗ್ಗಿ ಮುಗಿದು ರಾಗಿ ಚೀಲಕ್ಕೆ ಬಿದ್ದ ಮೇಲೆ ನಮ್ಮಲ್ಲಿ ಬೆಲೆಯ ಮಾತು ಏಳುವುದು ವಾಡಿಕೆ. ಆದರೆ ಆ ಮಾತು ನಿಜವಾಗಿ ಏಳಬೇಕಾದದ್ದು ಬಿತ್ತನೆಯ ಹೊತ್ತಿನಲ್ಲಿ. ಹೇಗೆಂಬುದನ್ನು ನಿಮ್ಮ ಮುಂದೆ ಇಡುತ್ತೇನೆ.

ತುಮಕೂರು, ಹಾಸನದ ಕಡೆಯ ಯಾವನೇ ರೈತನನ್ನು ಕೇಳಿ ನೋಡಿ. "ಸರ್ಕಾರದವರು ರಾಗಿ ಕೊಳ್ಳುತ್ತಾರಂತೆ" ಎನ್ನುತ್ತಾನೆ. ತೊಡಕೆಲ್ಲ ಇರುವುದು ಆ 'ಅಂತೆ'ಯಲ್ಲಿ. ರಾಗಿಯ ಬೆಂಬಲ ಬೆಲೆ 2023-24ರ ಹಂಗಾಮಿಗೆ ಕ್ವಿಂಟಲಿಗೆ 3,846 ರೂಪಾಯಿ ಇತ್ತು. 2025-26ಕ್ಕೆ ಅದು 4,886 ಆಯಿತು. ಹೀಗೆ ಕೊಂಡ ರಾಗಿ ಪಡಿತರದ ಅಂಗಡಿಯ ಮೂಲಕ ದಕ್ಷಿಣದ ಜಿಲ್ಲೆಗಳ ಒಲೆಗೆ ಹೋಗುತ್ತದೆ; ಉತ್ತರದ ಕಡೆ ಜೋಳ. ನಾವು ಬೆಳೆದದ್ದನ್ನು ನಮ್ಮವರೇ ಉಣ್ಣುವ ಏರ್ಪಾಟು ಇದು.

ನವಣೆ, ಸಾಮೆ, ಹಾರಕ, ಊದಲು ಬೆಳೆಯುವವರಿಗೆಂದು ರಾಜ್ಯ ಸರ್ಕಾರ 2019-20ರಲ್ಲಿ 'ರೈತ ಸಿರಿ' ಎಂಬ ಯೋಜನೆ ಹೂಡಿ, ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ಗೊತ್ತುಮಾಡಿತು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಪಟ್ಟಣದ ಮೇಳಗಳಲ್ಲಿ ನವಣೆಯ ದೋಸೆ ತಿಂದವರಿಗೆಲ್ಲ ಇದು ತಿಳಿಯಿತು. ನವಣೆ ಬಿತ್ತಿದವನಿಗೆ ತಿಳಿಯಿತೆ? ನನಗೆ ಸಂಶಯ.

ಇನ್ನು ಮುಖ್ಯವಾದ ಸಂಗತಿ. ಖರೀದಿ ಕೇಂದ್ರದಲ್ಲಿ ತಕ್ಕಡಿಗಿಂತ ಮೊದಲು ನೋಡುವುದು ನಿಮ್ಮ 'ಫ್ರೂಟ್ಸ್' ನೋಂದಣಿಯನ್ನು. ಪಹಣಿ, ಆಧಾರ್, ಬ್ಯಾಂಕಿನ ಪುಸ್ತಕ ಇವನ್ನು ಕೊಟ್ಟು ರೈತ ಸಂಪರ್ಕ ಕೇಂದ್ರದಲ್ಲಿ ಮಾಡಿಸಿಕೊಳ್ಳುವ ಗುರುತು ಅದು. ಅದರ ಜೊತೆಗೆ ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಸರ್ವೆ ನಂಬರಿನ ಎದುರಿಗೆ ರಾಗಿ ಎಂದೇ ದಾಖಲಾಗಿರಬೇಕು. ನಮ್ಮ ಹಿರಿಯರು ರಾಗಿಯ ನಡುವೆ ಅವರೆ, ಸಾಸಿವೆ, ಹುಚ್ಚೆಳ್ಳಿನ ಅಕ್ಕಡಿ ಹಾಕುತ್ತಿದ್ದರು, ಈಗಲೂ ಹಾಕುವವರಿದ್ದಾರೆ. ನೋಡಿದವರು ಅವರೆಯೆಂದು ಬರೆದುಕೊಂಡು ಹೋದರೆ ಚೀಲದಲ್ಲಿ ರಾಗಿಯಿದ್ದರೂ ಕಾಗದದಲ್ಲಿ ಇಲ್ಲ! ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದ್ದರೆ ಪೌತಿ ಖಾತೆಯ ಕೆಲಸ ಬೇರೆ. ಕೋರಿಗೆ ಮಾಡುವವನ ಪಾಡು ಎಲ್ಲಕ್ಕಿಂತ ಕಷ್ಟ; ದುಡಿಮೆ ಅವನದು, ಪಹಣಿ ಇನ್ನೊಬ್ಬರದು. ಇದಕ್ಕೆ ಸರಿಯಾದ ದಾರಿಯನ್ನು ಸರ್ಕಾರವೇ ಮಾಡಿಕೊಡಬೇಕು. ರೈತನಿಗೆ ತಿಳಿವಳಿಕೆಯಿಲ್ಲವೆಂದು ದೂರಿದರೆ ಸಾಲದು.

ನಿಮ್ಮ ಕೈಲಿರುವುದು ಇಷ್ಟು. ಪೈರು ಹೊಲದಲ್ಲಿ ನಿಂತಿರುವಾಗಲೇ 'ಬೆಳೆ ದರ್ಶಕ'ದಲ್ಲಿ ನಿಮ್ಮ ಹೊಲಕ್ಕೆ ಏನೆಂದು ಬರೆದಿದ್ದಾರೆ ನೋಡಿರಿ. ಫೋನು ಬಾರದವರು ಶಾಲೆಗೆ ಹೋಗುವ ಮಗಳ ಕೈಗೆ ಕೊಡಿ. ತಪ್ಪಿದ್ದರೆ ಅಲ್ಲಿಯೇ ಆಕ್ಷೇಪಣೆ ಸಲ್ಲಿಸಬಹುದು. ಕಟಾವಾದ ಮೇಲೆ ತೋರಿಸಲು ಕೂಳೆಯಷ್ಟೇ ಉಳಿದಿರುತ್ತದೆ.