ಪಡಿಯಕ್ಕಿ ಭಿಕ್ಷೆಯಲ್ಲ, ಹಕ್ಕು
(ಮುಂಬಯಿಯಲ್ಲಿ ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ದಿನವೂ ನೂರಾರು ಜನರಿಗೆ ಅನ್ನ ಬಡಿಸುವವರು ನಾವು. ಊರಿನಲ್ಲಿ ನಮ್ಮ ಮನೆಯ ಒಲೆ ಹೊತ್ತಿತೋ ಇಲ್ಲವೋ ಎಂದು ಎಂದಾದರೂ ಬಿಡಿಸಿ ಕೇಳಿದ್ದೇವೆಯೇ?

ನಮ್ಮ ಜೊತೆ ಅಡಿಗೆಮನೆಯಲ್ಲಿ ದುಡಿಯುವ ಗೆಳೆಯನೊಬ್ಬನ ತಾಯಿ ಎರಡು ತಿಂಗಳು ನ್ಯಾಯಬೆಲೆ ಅಂಗಡಿಯಿಂದ ಬರಿಚೀಲ ಹಿಡಿದು ಮರಳಿದರು. ಗೇಯ್ದು ಸವೆದ ಹೆಬ್ಬೆಟ್ಟನ್ನು ಯಂತ್ರ ಗುರುತಿಸಲಿಲ್ಲ. ಮಗನಿಗೆ ಚಿಂತೆಯಾದೀತೆಂದು ಆ ತಾಯಿ ಬಾಯಿ ಬಿಡಲಿಲ್ಲ. ನೆರೆಯವರು ಹೇಳಿದ ಮೇಲೆಯೇ ನಮಗೆ ತಿಳಿಯಿತು.

ಬಂಧುಗಳೇ, ಆ ಅಕ್ಕಿ ಯಾರ ದಯೆಯೂ ಅಲ್ಲ. 2013ರ ಆಹಾರ ಭದ್ರತಾ ಕಾಯಿದೆಯು ಹಳ್ಳಿಗಳಲ್ಲಿ ನೂರಕ್ಕೆ 75 ಜನರವರೆಗೆ ಈ ಹಕ್ಕು ಕೊಟ್ಟಿದೆ. ಆದ್ಯತಾ ಕಾರ್ಡಿನಲ್ಲಿ ತಲೆಗೆ ತಿಂಗಳಿಗೆ 5 ಕಿಲೋ, ಅಂತ್ಯೋದಯ ಕಾರ್ಡಿನಲ್ಲಿ ಮನೆಗೆ 35 ಕಿಲೋ. 2023ರ ಜನವರಿಯಿಂದ ಇದಕ್ಕೆ ಹಣ ಕೊಡಬೇಕಾಗಿಲ್ಲ. ಆಧಾರ್ ಜೋಡಣೆಯಿಲ್ಲ, ಬೆರಳು ಹೊಂದಲಿಲ್ಲ ಎಂದು ಅರ್ಹರನ್ನು ಹಿಂದಕ್ಕೆ ಕಳಿಸಬಾರದೆಂದು 2017ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರವೇ ರಾಜ್ಯಗಳಿಗೆ ಬರೆಯಿತು. ಧಾನ್ಯ ಕೊಡದಿದ್ದರೆ ಬದಲಿಗೆ ಹಣದ ಭತ್ಯೆ ಕೊಡಬೇಕೆಂದು ಕಾಯಿದೆಯಲ್ಲೇ ಇದೆ.

ಇದನ್ನೆಲ್ಲ ಕಾಗದದಲ್ಲಿ ಬರೆದು ತಾಲೂಕು ಕಚೇರಿಗೆ ಕಳಿಸಿದೆವು. ಮೂರನೆಯ ತಿಂಗಳು ಅಕ್ಕಿ ಬಂತು. ತಪ್ಪಿಹೋದ ಎರಡು ತಿಂಗಳಿನ ಲೆಕ್ಕ ಇನ್ನೂ ಬಾಕಿ ಇದೆ. ಅದನ್ನು ನಾವು ಬಿಟ್ಟಿಲ್ಲ.

ಇನ್ನೊಂದು ಮಾತು. ಕಾರ್ಡು ಊರಿನದಾದರೂ ನಮ್ಮ ಪಾಲನ್ನು ಇಲ್ಲಿಯೇ ಪಡೆಯಬಹುದು. ಕರ್ನಾಟಕ, ಮಹಾರಾಷ್ಟ್ರ ಎರಡೂ 2020ರ ಜನವರಿಯಲ್ಲೇ ಈ ಏರ್ಪಾಡಿಗೆ ಸೇರಿದವು. ಆದರೆ ಎಚ್ಚರ! ಕಾರ್ಡೊಂದೇ, ಲೆಕ್ಕವೂ ಒಂದೇ. ಇಲ್ಲಿ ಮನೆಯವರ ಪಾಲನ್ನೂ ಎತ್ತಿದರೆ ಅಲ್ಲಿ ತಾಯಿಯ ಚೀಲ ಬರಿದಾಗುತ್ತದೆ. ನಮ್ಮ ಪಾಲಷ್ಟನ್ನೇ ಎತ್ತೋಣ.

ಆದ್ದರಿಂದ ಮೂರು ಕೆಲಸ. ಇಂದು ರಾತ್ರಿಯೇ ಮನೆಗೆ ಫೋನು ಮಾಡಿ, ಈ ತಿಂಗಳು ಎಷ್ಟು ಕಿಲೋ ಬಂತೆಂದು ಕೇಳೋಣ. ಕಾರ್ಡಿನಲ್ಲಿ ಯಾರ ಹೆಸರಿದೆ, ಯಾರದು ಬಿಟ್ಟುಹೋಗಿದೆ ನೋಡೋಣ. ಕೊಡದಿದ್ದರೆ 1967ಕ್ಕೆ ದೂರು ಹೇಳಿ, ಜಿಲ್ಲೆಯ ದೂರು ಪರಿಹಾರ ಅಧಿಕಾರಿಗೆ ಬರೆಯೋಣ. ಬರೆಯಲು ಬಾರದವರು ಸಂಘಕ್ಕೆ ಬನ್ನಿ, ಕೂತು ಬರೆಯೋಣ.

ಮಗನಿಗೆ ಚಿಂತೆಯಾದೀತೆಂದು ತಾಯಿ ಸುಮ್ಮನಿರಬಹುದು. ನಾವು ಸುಮ್ಮನಿರಬಾರದು.