ಎರಡು ಸಮವಸ್ತ್ರ, ಒಬ್ಬ ತಂದೆ



ನಿಮ್ಮಲ್ಲಿ ಕೆಲವರ ಮನೆಯ ಗೋಡೆಯ ಮೇಲೆ ಸಮವಸ್ತ್ರ ತೊಟ್ಟ ತಂದೆಯ ಅಥವಾ ತಾತನ ಭಾವಚಿತ್ರ ಇರಬಹುದು. ಪಕ್ಕದಲ್ಲಿ ಬಣ್ಣದ ಪಟ್ಟಿಗೆ ತೂಗುಹಾಕಿದ ಒಂದೆರಡು ಪದಕಗಳೂ ಇದ್ದಾವು. ಮನೆಗೆ ಬಂದವರು ‘ಇವರು ಮಿಲಿಟರಿಯಲ್ಲಿದ್ದರೋ, ಪೊಲೀಸಿನಲ್ಲಿದ್ದರೋ?’ ಎಂದು ಕೇಳುವುದುಂಟು. ನಮ್ಮ ಮನೆಯಲ್ಲಿ ಆ ಪ್ರಶ್ನೆಗೆ ‘ಎರಡರಲ್ಲೂ’ ಎಂಬುದೇ ಉತ್ತರ. ನಮ್ಮ ತಂದೆಯವರು 1963ರಿಂದ 1978ರವರೆಗೆ ಸೈನ್ಯದಲ್ಲಿದ್ದರು. ಆಮೇಲೆ 2002ರವರೆಗೆ ರಾಜ್ಯದ ಪೊಲೀಸಿನಲ್ಲಿದ್ದರು. ಈಗ ಅವರಿಲ್ಲ. ಇಂಥ ಬದುಕನ್ನು ಮಕ್ಕಳಾದವರು ನೆನೆಯುವುದು ಹೇಗೆ ಎಂಬುದನ್ನು ಕುರಿತು ನಿಮ್ಮೊಡನೆ ನಾಲ್ಕು ಮಾತು ಆಡಬೇಕೆಂದಿದ್ದೇನೆ.

1962ರ ಚೀನಾ ಯುದ್ಧದ ನಂತರ ನಮ್ಮ ಸೈನ್ಯದ ಬಲವನ್ನು ಹೆಚ್ಚಿಸಲಾಯಿತು. ಹಳ್ಳಿಯ ಹುಡುಗರು ಗುಂಪುಗುಂಪಾಗಿ ಭರ್ತಿಗೆ ಹೋದ ಕಾಲ ಅದು. ಕೋಲಾರ ಜಿಲ್ಲೆಯ ನಮ್ಮೂರಿನಿಂದ ಹೊರಟ ತಂದೆಯವರು ಬೆಂಗಳೂರಿನ ಹಲಸೂರು ಕೆರೆಯ ಬಳಿಯ ಮದ್ರಾಸ್ ಸ್ಯಾಪರ್ಸ್ ಕೇಂದ್ರವನ್ನು ಸೇರಿದರು. 1780ರಿಂದ ಬಂದ ಪಡೆ ಅದು. ಸ್ಯಾಪರ್ ಎಂದರೆ ಸೈನ್ಯದ ಇಂಜಿನಿಯರಿಂಗ್ ದಳದವನು; ಸೇತುವೆ ಕಟ್ಟುವವನು, ದಾರಿ ಮಾಡುವವನು, ವೈರಿ ಹೂತಿಟ್ಟ ನೆಲಬಾಂಬುಗಳನ್ನು ತೆಗೆಯುವವನು. ಸೈನಿಕನೆಂದರೆ ಬಂದೂಕು ಹಿಡಿದವನು ಎಂಬ ಚಿತ್ರವೇ ನಮ್ಮ ಮನಸ್ಸಿನಲ್ಲಿ ಗಟ್ಟಿ. ಸಲಿಕೆ ಹಿಡಿದ ಸೈನಿಕನನ್ನು ಸಿನಿಮಾದವರು ಕೂಡ ತೋರಿಸುವುದು ಕಡಮೆ.

1971ರ ಡಿಸೆಂಬರಿನಲ್ಲಿ ತಂದೆಯವರು ಪಶ್ಚಿಮ ರಂಗದಲ್ಲಿದ್ದರು. ಶಕರ್‌ಗಡ್ ವಲಯದ ಬಸಂತರ್ ನದಿಯ ಕಾಳಗದ ಹೆಸರನ್ನು ನೀವು ಕೇಳಿರಬಹುದು. ಡಿಸೆಂಬರ್ 16ರಂದು ಅಲ್ಲಿ ಟ್ಯಾಂಕಿನಲ್ಲಿ ಹೋರಾಡುತ್ತ ಮಡಿದ 21 ವರ್ಷದ ಅರುಣ್ ಖೇತ್ರಪಾಲ್ ಅವರಿಗೆ ಪರಮವೀರ ಚಕ್ರ ಸಂದಿತು. ಆ ಟ್ಯಾಂಕುಗಳು ದಾಟಬೇಕಾದ ನೆಲದಲ್ಲಿ ಬಾಂಬು ತೆಗೆದು ದಾರಿ ಮಾಡುವ ಕೆಲಸ ಮದ್ರಾಸ್ ಸ್ಯಾಪರ್ಸ್‌ನ 9ನೇ ಇಂಜಿನಿಯರ್ ರೆಜಿಮೆಂಟಿನದಾಗಿತ್ತು. ನಮ್ಮ ತಂದೆಯವರು ಬೇರೆ ತುಕಡಿಯವರು. ಆದರೆ ವಿದ್ಯೆ ಅದೇ. ಆ ವಿದ್ಯೆಯನ್ನು ಅವರು ನಮಗೆ ಅಂಗಳದಲ್ಲಿ ಹೆಣಿಗೆಯ ಸೂಜಿ ಹಿಡಿದು ತೋರಿಸುತ್ತಿದ್ದರು. ಸಲಾಕೆಯನ್ನು ನೇರವಾಗಿ ಚುಚ್ಚಬಾರದು. ಮೇಲಿನಿಂದ ಒತ್ತಿದರೆ ಬಾಂಬು ಸಿಡಿಯುತ್ತದೆ. ಓರೆಯಾಗಿ ಹಿಡಿದು, ಮೆಲ್ಲಗೆ, ಅಂಗುಲ ಅಂಗುಲವಾಗಿ ಮಣ್ಣನ್ನು ಕೇಳುತ್ತ ಹೋಗಬೇಕು. ಏನೋ ತಾಕಿತೆಂದರೆ ಅಲ್ಲಿಗೆ ನಿಲ್ಲಿಸಬೇಕು. ಹಿಂದಿನವರು ಎಷ್ಟು ಅವಸರ ಮಾಡಿದರೂ ಕೈ ಅವಸರ ಮಾಡಕೂಡದು.

ಯುದ್ಧದ ಮಾತನ್ನು ಅವರು ಹೀಗೆ ಧಾರಾಳವಾಗಿ ಆಡುತ್ತಿದ್ದರು. ಪೊಲೀಸ್ ಕೆಲಸದ ಮಾತು ಬಂದರೆ ಮಾತ್ರ ಎದ್ದು ಎಮ್ಮೆಗೆ ಹುಲ್ಲು ಹಾಕಲು ಹೋಗುತ್ತಿದ್ದರು.

ಸೈನ್ಯದಲ್ಲಿ ನಾಯಕ್ ಆಗಿದ್ದವರು ಪೊಲೀಸಿನಲ್ಲಿ ಮತ್ತೆ ಮೊದಲಿನಿಂದ ಕಾನ್‌ಸ್ಟೆಬಲ್ ಆಗಬೇಕಾಯಿತು. 34ನೆಯ ವಯಸ್ಸಿನಲ್ಲಿ, ತಮಗಿಂತ ಚಿಕ್ಕವರ ಕೂಗಿಗೆ ಕವಾಯತು ಮಾಡಬೇಕಾಯಿತು. ರಾತ್ರಿ ಬೀಟು, ಅಂಗಡಿ ಬೀದಿಯಲ್ಲಿ, ಬ್ಯಾಂಕಿನ ಬಾಗಿಲಲ್ಲಿ ತೂಗುಹಾಕಿದ ಪಾಯಿಂಟ್ ಪುಸ್ತಕಕ್ಕೆ ವೇಳೆ ಬರೆದು ಸಹಿ ಹಾಕುವುದು. ಹಬ್ಬ ಬಂದರೆ ಊರಿಗೆಲ್ಲ ರಜೆ, ಅವರಿಗೆ ಬಂದೋಬಸ್ತು. ಇದನ್ನು ಪೊಲೀಸರ ಮನೆಯ ಮಕ್ಕಳಿಗೆ ನಾನು ವಿವರಿಸಬೇಕಾಗಿಲ್ಲ.

1991ರ ಡಿಸೆಂಬರಿನಲ್ಲಿ ಕಾವೇರಿ ನ್ಯಾಯಮಂಡಲಿಯ ಮಧ್ಯಂತರ ಆದೇಶ ಗೆಜೆಟ್ಟಿನಲ್ಲಿ ಪ್ರಕಟವಾದಾಗ ಬೆಂಗಳೂರಿನಲ್ಲಿ ಗಲಭೆಯಾಯಿತು. ತಂದೆಯವರನ್ನು ಬಂದೋಬಸ್ತಿಗೆ ಕರೆಸಿದ್ದರು. ಹಣೆಗೆ ನಾಲ್ಕು ಹೊಲಿಗೆ ಹಾಕಿಸಿಕೊಂಡು ಊರಿಗೆ ಬಂದರು. ಏನಾಯಿತೆಂದು ಹೇಳಲಿಲ್ಲ. ಹತ್ತು ವರ್ಷ ಕಳೆದು, ನಿವೃತ್ತಿಯ ವರ್ಷದಲ್ಲಿ, ನಾನು ಬಿಡದೆ ಕೇಳಿದ ಮೇಲೆ ಹೇಳಿದರು. ಒಂದು ಗಲ್ಲಿಯ ಬಾಯಲ್ಲಿ ಇವರು ಏಳು ಜನ. ಗಲ್ಲಿಯ ಒಳಗೆ ಕದ ಹಾಕಿಕೊಂಡ ತಮಿಳರ ಮನೆಗಳು. ಎದುರಿಗೆ ಕಲ್ಲು ಹಿಡಿದ ಹುಡುಗರು. ಕಲ್ಲು ಬಿತ್ತು, ರಕ್ತ ಕಣ್ಣಿಗಿಳಿಯಿತು. ಜೊತೆಯವರು ಲಾಠಿ ಎತ್ತಿ ನುಗ್ಗಲು ಹೊರಟಾಗ ಇವರು ಅಡ್ಡ ಕೈ ಚಾಚಿ ತಡೆದರಂತೆ. ಸಾಲು ಒಡೆದರೆ ಗಲ್ಲಿ ಬಯಲಾಗುತ್ತದೆ. ಅಲ್ಲಾಡದೆ ನಿಲ್ಲೋಣ ಎಂದರಂತೆ. ಎಷ್ಟು ಹೊತ್ತೋ ನಿಂತರು. ಹುಡುಗರು ಬೇರೆ ಕಡೆ ಹೊರಟುಹೋದರು. “ವೈರಿಯಾದರೆ ಮುಖ ಕಾಣಿಸೋದಿಲ್ಲ ಮಗಾ. ಇಲ್ಲಿ ಎಲ್ಲರ ಮುಖಾನೂ ಕಾಣಿಸ್ತಿತ್ತು. ನಮ್ಮೂರ ಹುಡುಗರ ಥರಾನೇ ಇದ್ರು” ಎಂದು ಹೇಳಿ ಸುಮ್ಮನಾದರು.

ಲಾಠಿ ಎತ್ತದ ಆ ಕೈ ಯಾವುದೆಂದು ನನಗೆ ಆಗ ಹೊಳೆಯಿತು. ಸಲಾಕೆಯನ್ನು ಓರೆಯಾಗಿ ಹಿಡಿದ ಕೈಯೇ ಅದು. ಸೈನ್ಯದಿಂದ ಬಂದವರು ಪೊಲೀಸಿನಲ್ಲಿ ಒರಟಾಗಿರುತ್ತಾರೆ ಎಂಬ ಮಾತು ನಮ್ಮಲ್ಲಿದೆ, ನಾನು ಒಪ್ಪುವುದಿಲ್ಲ. ಕಾನೂನು ಓದುವವರು ಒಂದು ವಿಷಯ ಗಮನಿಸಿ. ಅಕ್ರಮ ಕೂಟವನ್ನು ಚದುರಿಸಲು ಬೇರೆ ದಾರಿಯಿಲ್ಲದೆ ಸೈನ್ಯವನ್ನೇ ಕರೆಸಿದಾಗಲೂ, ಸಾಧ್ಯವಾದಷ್ಟು ಕಡಮೆ ಬಲವನ್ನು ಬಳಸಬೇಕು, ಜನಕ್ಕೂ ಆಸ್ತಿಗೂ ಆದಷ್ಟು ಕಡಮೆ ಹಾನಿಯಾಗಬೇಕು ಎಂದು 1973ರ ದಂಡ ಪ್ರಕ್ರಿಯಾ ಸಂಹಿತೆ ಹೇಳಿತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಈ ಮಾತು ಉಳಿದಿದೆ.

ಆದರೆ ಗಲ್ಲಿಯ ಆ ಸಂಜೆಗೆ ದಾಖಲೆ ಎಲ್ಲಿದೆ? 1971ಕ್ಕೆ ಪಶ್ಚಿಮಿ ಸ್ಟಾರ್ ಇದೆ. ಕರ್ತವ್ಯದಲ್ಲಿ ಮಡಿದ ಪೊಲೀಸರ ನೆನಪಿಗೆ ಅಕ್ಟೋಬರ್ 21 ಇದೆ; 1959ರ ಆ ದಿನ ಲಡಾಖಿನ ಹಾಟ್ ಸ್ಪ್ರಿಂಗ್ಸ್ ಬಳಿ ಚೀನೀ ಸೈನಿಕರ ಗುಂಡಿಗೆ ಹತ್ತು ಮಂದಿ ಪೊಲೀಸರು ಬಲಿಯಾದರು. ದೆಹಲಿಯಲ್ಲಿ 2018ರಿಂದ ರಾಷ್ಟ್ರೀಯ ಸ್ಮಾರಕವೂ ಇದೆ. ಹೊಡೆಯದೆ ನಿಂತ ಏಳು ಜನರಿಗೆ ಏನೂ ಇಲ್ಲ. ತಂದೆಯವರ ಸೇವಾ ಪುಸ್ತಕದಲ್ಲಿ ಆ ತಿಂಗಳ ಬಗ್ಗೆ ಇರುವುದು ಗಾಯದ ರಜೆ ಮಾತ್ರ. ನಾನು ಕೇಳದಿದ್ದರೆ ಆ ಸಂಜೆ ಅವರೊಂದಿಗೇ ಹೋಗುತ್ತಿತ್ತು.

ಆದ್ದರಿಂದ ನಿಮ್ಮ ಮನೆಯ ಹಿರಿಯರು ಇದ್ದರೆ ಕೇಳಿ. ‘ನಿಮ್ಮ ಅನುಭವ ಹೇಳಿ’ ಎಂದರೆ ಅವರು ಬಾಯಿ ಬಿಡುವುದಿಲ್ಲ. ರಾತ್ರಿ ಎಲ್ಲಿ ಮಲಗುತ್ತಿದ್ದಿರಿ, ಊಟಕ್ಕೆ ಏನು ಕೊಡುತ್ತಿದ್ದರು, ಪಕ್ಕದಲ್ಲಿ ಯಾರು ನಿಂತಿದ್ದರು ಎಂದು ಸಣ್ಣಸಣ್ಣದಾಗಿ ಕೇಳಿ. ಅವರು ಇಲ್ಲವಾಗಿದ್ದರೆ ಸೈನ್ಯದ ಡಿಸ್ಚಾರ್ಜ್ ಪುಸ್ತಕವನ್ನು ಟ್ರಂಕಿನಿಂದ ಹೊರಗೆ ತೆಗೆಯಿರಿ. ಪದಕಗಳ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ನಂಬರು, ದರ್ಜೆ, ಹೆಸರು ಅಲ್ಲಿ ಕೊರೆದಿರುತ್ತದೆ. ಹಬ್ಬಕ್ಕೆಂದು ಹುಣಸೆಹಣ್ಣು ಹಾಕಿ ಉಜ್ಜುವ ಮೊದಲು ಅದನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಉಜ್ಜಿ ಉಜ್ಜಿ ನಮ್ಮ ತಂದೆಯವರ ಒಂದು ಪದಕದ ಅಂಚಿನಲ್ಲಿ ಈಗ ಕೊನೆಯ ಮೂರು ಅಂಕಿಗಳು ಮಾತ್ರ ಕಾಣುತ್ತಿವೆ.